ಸೈಕಲ್ ಗಾಲಿಯ ರಾಟೆ, 46 ಜೋಳದ ಕಾಳು

ಅಣ್ಣನ ಮಗಳು ಈಗ ಒಂಬತ್ತನೇ ಇಯತ್ತೆ. ಬಲ ಮತ್ತು ಚಲನೆಯ ನಿಯಮಗಳ ಪಾಠ ಮುಗಿದ ದಿನ ಸಂಜೆ ಸೀದಾ ನಮ್ಮ ಪ್ರೆಸ್ಸಿಗೆ ಬಂದಳು. ಕಟಿಂಗ್ ಮಷಿನ್ ಪಕ್ಕದ ಸ್ಟೂಲ್ ಮೇಲೆ ಕೂತು ಕೇಳಿದಳು:

"ಕಾಕಾ, ಚೆಂಡು ಉಳ್ಳಿಸಿ ಬಿಟ್ರ ತಾನ ನಿಂದರತೈತಿ, ಹೌದಿಲ್ಲೋ? ಮತ್ತ ಪುಸ್ತಕದಾಗ ಬಲ ಇಲ್ಲಂದ್ರ ಅದು ನಿಂದ್ರಂಗ ಇಲ್ಲ ಅಂತ ಬರದಾರ. ಯಾವ್ದು ಖರೆ?"

"ಘರ್ಷಣಾ ಇರ್ತೈತಲ್ಲವ್ವಾ, ಅದಕ್ಕ ನಿಂದರತೈತಿ" ಅಂದೆ.

"ಟೀಚರೂ ಅದನ್ನ ಹೇಳ್ಯಾರ. ಘರ್ಷಣಾ ಇಲ್ದಂಗ ಮಾಡಿ ತೋರ್ಸು ಹಂಗಾರ."

ನನಗೆ ಉತ್ತರ ಹೊಳೆಯಲಿಲ್ಲ. ತಳ್ಳೋದು ಬಿಟ್ಟರೆ ವಸ್ತು ನಿಲ್ಲುತ್ತದೆ ಅನ್ನೋದು ಅರಿಸ್ಟಾಟಲ್ ಕಾಲದಿಂದ ಹೆಚ್ಚುಕಡಿಮೆ ಎರಡು ಸಾವಿರ ವರ್ಷ ದೊಡ್ಡ ದೊಡ್ಡ ಪಂಡಿತರು ನಂಬಿಕೊಂಡು ಬಂದ ಮಾತು. ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಆ ನಂಬಿಕೆಯನ್ನು ಅಲುಗಿಸಿದ. ಬಲ ಇಲ್ಲದಿದ್ದರೆ ಚಲನೆ ನಿಲ್ಲೋದಿಲ್ಲ ಅನ್ನೋದನ್ನು ನ್ಯೂಟನ್ 1687ರಲ್ಲಿ ಮೊದಲ ನಿಯಮ ಅಂತ ಬರೆದಿಟ್ಟ. ಅಷ್ಟು ಕಾಲ ಹಿಡಿದ ಮಾತನ್ನು ಹದಿನಾಲ್ಕು ವರ್ಷದ ಹುಡುಗಿ ಒಂದು ಪಿರಿಯಡ್ಡಿನಲ್ಲಿ ಒಪ್ಪಿಕೊಂಡುಬಿಡಬೇಕು ಅನ್ನೋದು ನ್ಯಾಯ ಅಲ್ಲ. ಅವಳ ಕಣ್ಣಿಗೆ ಕಾಣಿಸಬೇಕು.

ಹಾಗಾಗಿ ಆಟ್‌ವುಡ್ ಯಂತ್ರ ಮಾಡೋದು ಅಂತ ಇಬ್ಬರೂ ಸೇರಿ ಠರಾಯಿಸಿದೆವು. ಐದು ಭಾನುವಾರ ಹಿಡಿಯಿತು. ಏನೇನು ಕೆಟ್ಟಿತು, ಹೇಗೆ ಸರಿಪಡಿಸಿದೆವು ಅನ್ನೋದನ್ನು ಬರೆದಿಡುತ್ತಿದ್ದೇನೆ.

ಜಾರ್ಜ್ ಆಟ್‌ವುಡ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪಾಠ ಹೇಳುತ್ತಿದ್ದವನು. 1784ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಈ ಯಂತ್ರವನ್ನು ವಿವರಿಸಿದ. ನೋಡಲು ನಮ್ಮ ಬಾವಿಯ ಗಡಗಡಿ ಇದ್ದ ಹಾಗೇ ಇದೆ. ಮೇಲೆ ಒಂದು ರಾಟೆ, ಅದರ ಮೇಲೆ ದಾರ, ದಾರದ ಎರಡು ತುದಿಗೆ ಸರಿಸಮ ತೂಕ. ಭೂಮಿ ಎರಡೂ ಕಡೆ ಒಂದೇ ಸಮ ಎಳೆಯುವುದರಿಂದ ಒಂದರ ಎಳೆತ ಇನ್ನೊಂದಕ್ಕೆ ವಜಾ ಆಗುತ್ತದೆ. ಈಗ ಒಂದು ಕಡೆ ಚೂರು ತೂಕ ಜಾಸ್ತಿ ಇಡಿ. ಆ ಚೂರಿನ ಬಲವೇ ಇಡೀ ಸರಂಜಾಮನ್ನು ಎಳೆದುಕೊಂಡು ಹೋಗಬೇಕು. ಕೈಯಿಂದ ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲೇ ಸುಮಾರು 4.9 ಮೀಟರ್ ಬೀಳುತ್ತದೆ, ಕಣ್ಣಿಗೆ ಸಿಗೋದಿಲ್ಲ. ಇಲ್ಲಿ ಅದೇ ಬೀಳೋದು ನಿಧಾನವಾಗಿ ಆಗುತ್ತದೆ, ಅಳೆಯೋಕೆ ಪುರುಸೊತ್ತು ಸಿಗುತ್ತದೆ.

ಸಾಮಾನು ಮತ್ತು ಮೊದಲ ಭಾನುವಾರ

ಬೆಟಗೇರಿಯ ಗುಜರಿ ಅಂಗಡಿಯಲ್ಲಿ ಸಣ್ಣ ಹುಡುಗರ ಸೈಕಲ್ಲಿನ 16 ಇಂಚಿನ ಮುಂದಿನ ಗಾಲಿ, ಫೋರ್ಕ್ ಸಮೇತ ಸಿಕ್ಕಿತು. ಟೈರು, ಟ್ಯೂಬು ತೆಗೆದುಬಿಟ್ಟರೆ ರಿಮ್ಮಿನ ನಡುವಿನ ತಗ್ಗೇ ದಾರ ಕೂರೋಕೆ ಹೇಳಿ ಮಾಡಿಸಿದ ಹಾಗಿದೆ. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಅಪ್ಪನ ಕಾಲದ ಸಾಗವಾನಿ ತೊಲೆ ಇದೆ. ಫೋರ್ಕನ್ನು ತಲೆಕೆಳಗು ಮಾಡಿ ಆ ತೊಲೆಗೆ ಎರಡು ಯು-ಕ್ಲಾಂಪ್ ಹಾಕಿ ಬಿಗಿದೆ. ಗಾಲಿ ನೆಲದಿಂದ ಎರಡೂಕಾಲು ಮೀಟರ್ ಎತ್ತರಕ್ಕೆ ಬಂತು.

ತೂಕಕ್ಕೆ ಅರ್ಧ ಲೀಟರಿನ ಎರಡು ನೀರಿನ ಬಾಟಲಿ. ಒಳಗೆ ಸೋಸಿದ ಉಸುಕು. ಮುಚ್ಚಳಕ್ಕೆ ತೂತು ಹಾಕಿ ತಂತಿಯ ಕೊಕ್ಕೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದೊಂದೂ ಸರಿಯಾಗಿ 600 ಗ್ರಾಂ ಬರುವ ಹಾಗೆ ಉಸುಕು ಹಾಕಿ ತೆಗೆದು ಮಾಡಿದೆವು. ಕೆಳಗೆ ಬೀಳುವ ಬಾಟಲಿ ನೆಲಕ್ಕೆ ಬಡಿಯದಿರಲಿ ಅಂತ ಕಟಿಂಗ್ ಮಷಿನ್ನಿನ ಕಾಗದದ ಚೂರು ತುಂಬಿದ ಚೀಲ ಇಟ್ಟೆವು. ಪ್ರೆಸ್ಸಿನಲ್ಲಿ ಅದಕ್ಕೇನು ಬರ ಇಲ್ಲ.

ಗೋಡೆಗೆ ಹಲಗೆ ನಿಲ್ಲಿಸಿ, ಸೀಮೆಸುಣ್ಣದಲ್ಲಿ 25 ಸೆಂಟಿಮೀಟರಿಗೆ ಒಂದೊಂದು ಗೆರೆ ಎಳೆದೆವು. ಓಟದ ದೂರ ಒಟ್ಟು ಒಂದೂವರೆ ಮೀಟರ್. ಕಾಲ ಅಳೆಯಲು ಮೊದಲು ಸ್ಟಾಪ್‌ವಾಚ್ ಹಿಡಿದು ನೋಡಿದೆವು. ಅವಳದೊಂದು ಅಂಕಿ, ನನ್ನದೊಂದು ಅಂಕಿ. ಬೆರಳು ಒತ್ತುವ ತಡವೇ ಲೆಕ್ಕ ಕೆಡಿಸುತ್ತಿತ್ತು. ಕಡೆಗೆ ಮೊಬೈಲಿನಲ್ಲಿ ವಿಡಿಯೊ ತೆಗೆದು ಒಂದೊಂದೇ ಫ್ರೇಮ್ ಸರಿಸಿ ಎಣಿಸೋದು ಅಂತ ಆಯಿತು. ಸೆಕೆಂಡಿಗೆ 30 ಫ್ರೇಮ್. ಎಣಿಸುವ ಕೆಲಸ ಅವಳದು.

ಬಿಡೋದಕ್ಕೂ ಒಂದು ಉಪಾಯ ಬೇಕಿತ್ತು. ಕೈಯಿಂದ ಬಿಟ್ಟರೆ ಬಾಟಲಿ ಅಲ್ಲಾಡುತ್ತದೆ, ಎಷ್ಟೋ ಸಲ ಗೊತ್ತಿಲ್ಲದೆ ಒಂದು ತಳ್ಳು ಬಿದ್ದಿರುತ್ತದೆ. ಕೆಳಗಿನ ಬಾಟಲಿಯನ್ನು ನೆಲದ ಕೊಂಡಿಗೆ ಹತ್ತಿಯ ನೂಲಿನಿಂದ ಕಟ್ಟಿದೆ. ಎಲ್ಲ ಅಲುಗಾಟ ನಿಂತ ಮೇಲೆ ಆ ನೂಲಿಗೆ ಊದಿನಕಡ್ಡಿ ತಾಗಿಸಿದರೆ ಸಾಕು, ನೂಲು ಸುಟ್ಟು ಹರಿದು ಎಲ್ಲ ತನ್ನಷ್ಟಕ್ಕೆ ಹೊರಡುತ್ತದೆ. ಕಾಗದದ ಚೀಲ ಹತ್ತಿರವೇ ಇರುವುದರಿಂದ ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡೇ ಈ ಕೆಲಸ ಮಾಡಿದ್ದು.

ಲೆಕ್ಕ ಮೊದಲೇ ಹಾಕಿಟ್ಟುಕೊಂಡಿದ್ದೆವು. ಒಂದು ಬಾಟಲಿಗೆ 5 ಗ್ರಾಂ ತೂಗುವ ಎಂಟು ನಟ್ಟು, ಅಂದರೆ 40 ಗ್ರಾಂ ಜಾಸ್ತಿ. ನಮ್ಮ ಕಡೆ ಗುರುತ್ವದ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಏರುವ ಲೆಕ್ಕ, ಸುಮಾರು 9.78 (ಮೀ/ಸೆ²). ಹಾಗಾಗಿ 40 ಗ್ರಾಮಿನ ತೂಕ ಅಂದರೆ 0.391 ನ್ಯೂಟನ್ ಬಲ. ಎಳೆಯಬೇಕಾದ ರಾಶಿ ಎರಡು ಬಾಟಲಿ ಮತ್ತು ನಟ್ಟು ಸೇರಿ 1.240 ಕಿಲೊ. ಎರಡನೇ ನಿಯಮದ ಪ್ರಕಾರ ಬಲವನ್ನು ರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ 0.315. ಒಂದೂವರೆ ಮೀಟರ್ ಇಳಿಯಲು 3.08 ಸೆಕೆಂಡ್. ಫ್ರೇಮಿನ ಲೆಕ್ಕದಲ್ಲಿ 92 ಅಥವಾ 93.

ಬಂದದ್ದು 131, 134, 133. ಸುಮಾರು 4.4 ಸೆಕೆಂಡ್.

ಒಂದೆರಡು ಫ್ರೇಮಿನ ತಪ್ಪಾದರೆ ಬಿಟ್ಟುಬಿಡಬಹುದಿತ್ತು. ಇದು 40 ಫ್ರೇಮಿನ ತಪ್ಪು.

ಹಬ್ ಬಿಚ್ಚಿದ್ದು

ನಟ್ಟು ಎಲ್ಲ ತೆಗೆದು, ಎರಡೂ ಬಾಟಲಿ ಸಮ ಮಾಡಿ, ಬೆರಳಿನಿಂದ ಸ್ವಲ್ಪ ತಟ್ಟಿದೆ. ನಾಲ್ಕು ಬೆರಳು ಅಗಲ ಹೋಗಿ ನಿಂತಿತು. ಎರಡು ನಟ್ಟು ಹಾಕಿ ತಟ್ಟಿದೆ, ಹೋಗುತ್ತಾ ಹೋಗುತ್ತಾ ನಿಂತಿತು. ಅದರ ಮೇಲೆ 2 ಗ್ರಾಮಿನ ಒಂದು ವಾಷರ್ ಹಾಕಿದ ಮೇಲೆ ಸಾಗಿತು. ಅಂದರೆ ನಮ್ಮ 40 ಗ್ರಾಮಿನಲ್ಲಿ 12 ಗ್ರಾಂ ಗಾಲಿಯ ಬೇರಿಂಗಿಗೇ ಕಂದಾಯ ಕಟ್ಟಬೇಕಾಗಿತ್ತು.

ಎರಡನೇ ಭಾನುವಾರ ಗಾಲಿ ಇಳಿಸಿ ಅದರ ನಡುವಿನ ಹಬ್ ಬಿಚ್ಚಿದೆವು. ಪಾನಾ ಹಾಕಿದಾಗಲೇ ಗೊತ್ತಾಯಿತು, ಕೋನ್ (ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ತಿರುಪಿನ ಬಿಲ್ಲೆ) ಅತಿಯಾಗಿ ಬಿಗಿದಿದ್ದರು. ಒಳಗಿನ ಗ್ರೀಸು ಎಷ್ಟೋ ವರ್ಷದ ಧೂಳು ಕುಡಿದು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಬೇರಿಂಗ್ ಗುಂಡುಗಳನ್ನು ಒಂದೊಂದಾಗಿ ಹಳೆಯ ಕಾಗದದ ಮೇಲೆ ಎತ್ತಿಟ್ಟೆವು. ಕಡೆಗೆ ಹತ್ತರಂತೆ ಇಪ್ಪತ್ತು. ಡೀಸೆಲ್ಲಿನಲ್ಲಿ ತೊಳೆದು ಬಿಳಿ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿದರೆ ಮೂರು ಗುಂಡಿನ ಮೈ ಮೇಲೆ ಸಣ್ಣ ಸಣ್ಣ ಗುಳಿ. ಸೈಕಲ್ ಅಂಗಡಿಯಿಂದ ಅದೇ ಅಳತೆಯ ಹೊಸ ಗುಂಡು ತಂದೆ. ಮೂರನ್ನು ಮಾತ್ರ ಬದಲಿಸಲಿಲ್ಲ, ಇಪ್ಪತ್ತೂ ಹೊಸದೇ ಹಾಕಿದೆ. ಹಳೆಯದು ಸವೆದಿರುತ್ತದೆ, ಹೊಸದರ ಜೊತೆ ಬೆರೆಸಿದರೆ ಭಾರವೆಲ್ಲ ಹೊಸ ಗುಂಡಿನ ಮೇಲೆ ಬೀಳುತ್ತದೆ.

ಗ್ರೀಸ್ ಹಾಕಲಿಲ್ಲ. ಓಡಾಡುವ ಸೈಕಲ್ಲಿಗೆ ಗ್ರೀಸ್ ಬೇಕೇ ಬೇಕು, ಆದರೆ ಇಲ್ಲಿ ಭಾರ ಎರಡು ಕಿಲೊ, ವೇಗ ತೀರ ಕಡಿಮೆ. ಹೊಲಿಗೆ ಮಷಿನ್ನಿನ ಎಣ್ಣೆ ಎರಡೆರಡು ಹನಿ ಸಾಕು. ಕೋನನ್ನು ಎಕ್ಸೆಲ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಇರುವ ಹಾಗೆ ಬಿಗಿದು, ಮೇಲಿನ ನಟ್ಟು ಲಾಕ್ ಮಾಡಿದೆ. ಇದೊಂದು ಕೆಲಸದಲ್ಲಿ ಅವಸರ ಮಾಡಬೇಡಿ. ಲಾಕ್ ಮಾಡುವಾಗ ಕೋನ್ ಮತ್ತೆ ಒಂದು ಚೂರು ಒಳಗೆ ಹೋಗುತ್ತದೆ, ಆ ಚೂರನ್ನು ಮೊದಲೇ ಬಿಟ್ಟಿರಬೇಕು. ನನಗೆ ಐದನೇ ಸಲಕ್ಕೆ ಹದ ಸಿಕ್ಕಿತು.

ಗಾಲಿ ಹಗುರಾಗಿ ತಿರುಗತೊಡಗಿತು. ಆಗ ಹೊಸ ತೊಂದರೆ ಕಾಣಿಸಿತು. ತಿರುಗಿ ತಿರುಗಿ ಕಡೆಗೆ ಹಿಂದೆ ಮುಂದೆ ತೂಗಾಡಿ ಪ್ರತಿ ಸಲವೂ ಒಂದೇ ಜಾಗ ಕೆಳಗೆ ಬಂದು ನಿಲ್ಲುತ್ತಿತ್ತು. ರಿಮ್ಮಿನ ಬೆಸುಗೆ ಇರುವ ಕಡೆ ಭಾರ, ಎದುರಿಗೆ ವಾಲ್ವಿನ ತೂತು ಇರುವ ಕಡೆ ಹಗುರ. ಮೊದಲು ಗ್ರೀಸಿನ ಬಿಗಿತದಲ್ಲಿ ಇದು ಅಡಗಿಕೊಂಡಿತ್ತು. ಅಪ್ಪನ ಕಾಲದ ಅಚ್ಚುಮೊಳೆಯ ಖಾನೆಯಿಂದ ಸೀಸದ ಎರಡು ಮೊಳೆ ತೆಗೆದು, ವಾಲ್ವಿನ ತೂತಿನ ಪಕ್ಕದ ಕಡ್ಡಿಗಳಿಗೆ ರಿಮ್ಮಿನ ಹತ್ತಿರ ತಂತಿ ಸುತ್ತಿ ಕಟ್ಟಿದೆ. ಒಂದು 'ಗ', ಒಂದು 'ದ'. ಎರಡೂ ಸೇರಿ 8 ಗ್ರಾಂ. ಆಮೇಲೆ ಗಾಲಿ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲತೊಡಗಿತು.

ಸುತಳಿ ಬೇಡ

ಈಗ ಮೊದಲ ನಿಯಮದ ಪರೀಕ್ಷೆ ಮಾಡಬಹುದು ಅನ್ನಿಸಿತು. ಎರಡೂ ಬಾಟಲಿ ಸಮ, ಒಂದು ಕಡೆ ಉಳಿದಿರುವ ಘರ್ಷಣೆಯಷ್ಟೇ ಚೂರು ತೂಕ. ಒಟ್ಟು ಬಲ ಸೊನ್ನೆ. ತಟ್ಟಿದರೆ ಒಂದೇ ವೇಗದಲ್ಲಿ ಹೋಗಬೇಕು.

ಹೋಗಲಿಲ್ಲ. ಮೊದಮೊದಲು ನಿಧಾನ, ನಡುವಿನಿಂದ ಆಚೆ ಓಟ. ಎಷ್ಟು ಸಲ ಮಾಡಿದರೂ ಹಾಗೇ. ತೂಕ ಚೂರು ಕಡಿಮೆ ಮಾಡಿದರೆ ನಡುವೆ ಬರುವ ಮೊದಲೇ ನಿಲ್ಲುತ್ತದೆ, ಚೂರು ಜಾಸ್ತಿ ಮಾಡಿದರೆ ಕೊನೆಗೆ ಇನ್ನೂ ಜೋರು. ನಾನು ಬೇರಿಂಗನ್ನೇ ಅನುಮಾನಿಸುತ್ತಾ ಕೂತಿದ್ದೆ. ಅವಳು ದಾರ ನೋಡುತ್ತಿದ್ದಳು.

"ಕಾಕಾ, ಮೊದ್ಲ ಸುತಳಿ ಆ ಕಡೆ ಜಾಸ್ತಿ ಇತ್ತು. ಈಗ ಈ ಕಡೆ ಜಾಸ್ತಿ ಆತಲ್ಲ?"

ಅವಳ ಮಾತು ಖರೆ. ನಾವು ಹಾಕಿದ್ದು ಗಂಟು ಕಟ್ಟುವ ಸೆಣಬಿನ ಸುತಳಿ. ತೂಗಿದರೆ ಮೀಟರಿಗೆ ಎರಡೂವರೆ ಗ್ರಾಂ. ಬಾಟಲಿ ಒಂದೂವರೆ ಮೀಟರ್ ಇಳಿದಾಗ ಅಷ್ಟು ಸುತಳಿ ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಅಲ್ಲಿ ಕಡಿಮೆಯಾದದ್ದು, ಇಲ್ಲಿ ಜಾಸ್ತಿಯಾದದ್ದು ಎರಡೂ ಸೇರಿ ಏಳೂವರೆ ಗ್ರಾಮಿನ ವ್ಯತ್ಯಾಸ. ನಾವು ಸೊನ್ನೆ ಅಂದುಕೊಂಡ ಬಲ ದಾರಿಯುದ್ದಕ್ಕೂ ಬದಲಾಗುತ್ತಾ ಇತ್ತು. ಪುಸ್ತಕದಲ್ಲಿ "ಹಗುರವಾದ ದಾರ" ಅಂತ ಬರೆದದ್ದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಯಾಕೆ ಹಗುರ ಇರಬೇಕು ಅಂತ ಅವತ್ತೇ ಗೊತ್ತಾದದ್ದು.

ಮೀನು ಹಿಡಿಯುವ ಗಾಳದ ಸಣ್ಣ ನೈಲಾನ್ ದಾರ ತಂದೆವು. ಅದರ ತೂಕ ಕಿರಾಣಿ ತಕ್ಕಡಿಗೆ ಹತ್ತಲೇ ಇಲ್ಲ.

ಜೋಳ

ಉಳಿದಿದ್ದ ಘರ್ಷಣೆ ಈಗ ಎಷ್ಟು ಸಣ್ಣದು ಅಂದರೆ ನಟ್ಟು, ವಾಷರ್ ಯಾವುದೂ ಹೊಂದಲಿಲ್ಲ. 2 ಗ್ರಾಮಿನ ವಾಷರ್ ಇಟ್ಟರೂ ವೇಗ ಏರುತ್ತಾ ಹೋಗುತ್ತಿತ್ತು. ಇನ್ನೂ ಸಣ್ಣ ತೂಕ ಬೇಕು, ಅದೂ ಎಲ್ಲ ಒಂದೇ ಸಮ ಇರಬೇಕು. ವೈನಿ (ಅತ್ತಿಗೆ) ಮನೆಯಿಂದ ಒಂದು ಹಿಡಿ ಬಿಳಿ ಜೋಳ ಕಳಿಸಿದರು.

ಬಾಟಲಿಯ ಮುಚ್ಚಳದ ಮೇಲೆ ಔಷಧಿ ಬಾಟಲಿಯ ಸಣ್ಣ ಕ್ಯಾಪನ್ನು ಬಟ್ಟಲಿನ ಹಾಗೆ ಅಂಟಿಸಿದೆ. (ಅಷ್ಟೇ ತೂಕದ ಕ್ಯಾಪ್ ಇನ್ನೊಂದಕ್ಕೂ.) ಅದರೊಳಗೆ ಐದೈದು ಕಾಳು ಹಾಕುತ್ತಾ ಹೋದಳು. ತಟ್ಟೋದು, ಗೆರೆಯಿಂದ ಗೆರೆಗೆ ಫ್ರೇಮ್ ಎಣಿಸೋದು. 30 ಕಾಳಿಗೆ ನಿಧಾನ ಆಗುತ್ತದೆ. 40ಕ್ಕೂ ಸ್ವಲ್ಪ ನಿಧಾನ. 55 ಹಾಕಿದರೆ ಏರುತ್ತದೆ. ಆಮೇಲೆ ಒಂದೊಂದೇ ಕಾಳು. 46 ಕಾಳಿಗೆ ಬಂದಾಗ ಪ್ರತಿ 50 ಸೆಂಟಿಮೀಟರಿಗೆ 41, 41, 42 ಫ್ರೇಮ್. ಇನ್ನೊಮ್ಮೆ ಜೋರಾಗಿ ತಟ್ಟಿದರೆ 28, 28, 28. ನಿಧಾನ ತಟ್ಟಿದರೆ ನಿಧಾನದ ವೇಗವೇ ಕೊನೆಯವರೆಗೆ, ಜೋರು ತಟ್ಟಿದರೆ ಜೋರಿನ ವೇಗವೇ ಕೊನೆಯವರೆಗೆ.

ಒಟ್ಟು ಬಲ ಸೊನ್ನೆ ಅಂದರೆ ವಸ್ತು ನಿಂತಿರುತ್ತದೆ ಅಂತ ಮಾತ್ರ ಅರ್ಥ ಅಲ್ಲ. ನಿಂತಿದ್ದರೆ ನಿಂತೇ ಇರುತ್ತದೆ, ಹೋಗುತ್ತಿದ್ದರೆ ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಯಾವ ವೇಗ ಅನ್ನೋದು ನಮ್ಮ ಬೆರಳು ಕೊಟ್ಟದ್ದು. ಆಮೇಲೆ ಬೆರಳಿಗೂ ಬಾಟಲಿಗೂ ಸಂಬಂಧ ಇಲ್ಲ.

ಪರಿಚಯದ ಪತ್ತಾರರ ಅಂಗಡಿಯಲ್ಲಿ ಬಂಗಾರ ತೂಗುವ ತಕ್ಕಡಿಯಲ್ಲಿ ಆ 46 ಕಾಳು ತೂಗಿಸಿದೆವು. 1.6 ಗ್ರಾಂ. 12 ಗ್ರಾಂ ಇದ್ದ ಘರ್ಷಣೆ 1.6ಕ್ಕೆ ಇಳಿದಿತ್ತು. ಅಷ್ಟನ್ನೂ ಜೋಳ ಹೊತ್ತುಕೊಂಡಿತ್ತು.

ನಡುವೆ ಅವಳು ಮೂರನೇ ನಿಯಮದ ಬಗ್ಗೆ ಕೇಳಿದಳು. ಎರಡು ಬಾಟಲಿಯ ತೂಕ ಸಮ ಇದೆಯಲ್ಲ, ಅದೇ ಕ್ರಿಯೆ-ಪ್ರತಿಕ್ರಿಯೆ ಏನು ಅಂತ. ಅಲ್ಲ. ಬಹಳ ಮಕ್ಕಳು ಇಲ್ಲೇ ಜಾರುತ್ತಾರೆ. ಭೂಮಿ ಈ ಬಾಟಲಿಯನ್ನು ಎಳೆದರೆ ಈ ಬಾಟಲಿ ಭೂಮಿಯನ್ನು ಅಷ್ಟೇ ಎಳೆಯುತ್ತದೆ, ಅದು ಒಂದು ಜೋಡಿ. ದಾರ ಬಾಟಲಿಯನ್ನು ಮೇಲಕ್ಕೆ ಎಳೆದರೆ ಬಾಟಲಿ ದಾರವನ್ನು ಕೆಳಕ್ಕೆ ಎಳೆಯುತ್ತದೆ, ಅದು ಇನ್ನೊಂದು. ಎರಡು ಬಾಟಲಿಯ ತೂಕ ಸಮ ಇರೋದು ನಾವು ಉಸುಕು ಹಾಕಿ ಮಾಡಿದ್ದು. ಒಂದು ಚಮಚ ಉಸುಕು ತೆಗೆದರೆ ಆ ಸಮ ಹೋಯಿತು. ಕ್ರಿಯೆ-ಪ್ರತಿಕ್ರಿಯೆಯ ಸಮವನ್ನು ಯಾರೂ ಕೆಡಿಸಲು ಆಗೋದಿಲ್ಲ.

511 ಗ್ರಾಂ ಎಲ್ಲಿಂದ ಬಂತು

ಮೂರನೇ ಭಾನುವಾರ ಜೋಳ ಹಾಗೇ ಇಟ್ಟು, ಅದರ ಮೇಲೆ 40 ಗ್ರಾಮಿನ ನಟ್ಟು ಹಾಕಿ ಮತ್ತೆ ಓಡಿಸಿದೆವು. ಘರ್ಷಣೆಯ ಲೆಕ್ಕ ಚುಕ್ತಾ ಆಗಿದೆ. ದಾರ ಹಗುರ. ಗಾಲಿ ಸಮತೂಕ. ಈಗ 93 ಫ್ರೇಮ್ ಬರಲೇಬೇಕು ಅಂತ ಇಬ್ಬರಿಗೂ ಖಾತ್ರಿ.

ಬಂದದ್ದು 110, 110, 111.

ಆವತ್ತು ನನಗೆ ನಿಜವಾಗಲೂ ಬೇಸರ ಆಯಿತು. 17 ಫ್ರೇಮ್ ಇನ್ನೂ ಬಾಕಿ. ಮತ್ತೆ ಮತ್ತೆ ಓಡಿಸಿದರೂ ಅದೇ ಅಂಕಿ. ಹಾಗೆ ಪ್ರತಿ ಸಲವೂ ಒಂದೇ ಅಂಕಿ ಬಂದರೆ ಅದು ಕೈತಪ್ಪಲ್ಲ, ಯಂತ್ರ ಏನನ್ನೋ ಹೇಳುತ್ತಿದೆ ಅಂತಲೇ ಅರ್ಥ.

ಹಾಗಾಗಿ ಲೆಕ್ಕವನ್ನು ತಿರುಗಿಸಿ ಹಾಕಿದೆ. 110 ಫ್ರೇಮ್ ಅಂದರೆ 3.67 ಸೆಕೆಂಡ್. ಅಷ್ಟರಲ್ಲಿ ಒಂದೂವರೆ ಮೀಟರ್ ಅಂದರೆ ವೇಗೋತ್ಕರ್ಷ 0.223. ಬಲ 0.391 ನ್ಯೂಟನ್. ಬಲವನ್ನು ವೇಗೋತ್ಕರ್ಷದಿಂದ ಭಾಗಿಸಿದರೆ ರಾಶಿ 1.753 ಕಿಲೊ. ಬಾಟಲಿ, ನಟ್ಟು, ಜೋಳ ಎಲ್ಲ ಸೇರಿ ಇರೋದು 1.242. ಅಂದರೆ 511 ಗ್ರಾಂ ರಾಶಿ ನಮ್ಮ ಲೆಕ್ಕಕ್ಕೆ ಬಾರದೆ ಎಲ್ಲೋ ಓಡುತ್ತಿದೆ.

ಕೂತಲ್ಲೇ ಕೋಣೆಯ ಮೂಲೆಯ ಟ್ರೆಡಲ್ ಮಷಿನ್ ಮೇಲೆ ಕಣ್ಣು ಬಿತ್ತು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು ಬಂದದ್ದು ಇಂಥ ಮಷಿನ್ನುಗಳಿಂದಲೇ. ನಮ್ಮದು ಈಗ ನಿಂತಿದೆ. ಅದರ ಪಕ್ಕದಲ್ಲಿ ಎರಕದ ದೊಡ್ಡ ಗಾಲಿ ಇದೆ. ನಾನು ಹತ್ತನ್ನೆರಡು ವರ್ಷದವ ಇದ್ದಾಗ ಬೆಳಿಗ್ಗೆ ಮಷಿನ್ ಚಾಲೂ ಮಾಡೋದು ನನ್ನ ಕೆಲಸ. ಆ ಗಾಲಿಯನ್ನು ಕೈಯಿಂದ ಎಳೆದು ಓಟಕ್ಕೆ ತರಬೇಕು. ತೋಳು ಸೋಲುತ್ತಿತ್ತು. ಬಿಗಿ ಹಿಡಿದಿದೆ ಅಂದುಕೊಂಡು ಒಂದು ದಿನ ಬುಷ್ಷಿಗೆ ಎಣ್ಣೆ ಸುರಿದೆ, ನೆಲವೆಲ್ಲ ಎಣ್ಣೆ. ಅಪ್ಪ ಬೈಯಲಿಲ್ಲ.

"ಎಣ್ಣಿ ಹಾಕಿದ್ರ ನಿಂದ್ರೂದು ತಡಾ ಆಗ್ತೈತಿ. ಚಾಲೂ ಆಗೂದು ಹಗುರ ಆಗಂಗಿಲ್ಲೋ" ಅಂದಿದ್ದರು.

ಆ ಮಾತು ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. ನಮ್ಮ ಯಂತ್ರದಲ್ಲಿ ಓಡುತ್ತಿರುವುದು ಬಾಟಲಿ ಎರಡೇ ಅಲ್ಲ. ಗಾಲಿಯೂ ಓಡುತ್ತಿದೆ. ಅದು ಮೇಲೆ ಕೆಳಗೆ ಹೋಗುತ್ತಿಲ್ಲ, ನಿಂತಲ್ಲೇ ತಿರುಗುತ್ತಿದೆ ಅಂತ ನಾವು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೆ ರಿಮ್ಮಿನ ಕಬ್ಬಿಣದ ಪ್ರತಿ ಚೂರೂ ದಾರ ಎಷ್ಟು ಜೋರಾಗಿ ಹೋಗುತ್ತದೋ ಅಷ್ಟೇ ಜೋರಾಗಿ ಹೋಗಬೇಕು. ಅದರ ವೇಗ ಏರಿಸಲು ಬಲ ಬೇಕು. ಆ ಬಲ ಕೊಡೋರು ಅದೇ ಎಂಟು ನಟ್ಟು.

ಗುಜರಿಯವರ ಹತ್ತಿರ ಅದೇ ಸೈಜಿನ ಬರೀ ರಿಮ್ ಇತ್ತು. ತೂಗಿದೆವು: 440 ಗ್ರಾಂ. 28 ನಿಪ್ಪಲ್ ಸೇರಿ 28 ಗ್ರಾಂ, ಅವೂ ರಿಮ್ಮಿನಲ್ಲೇ ಕೂತಿರುತ್ತವೆ. 28 ಕಡ್ಡಿ ಸೇರಿ 84 ಗ್ರಾಂ. ಕಡ್ಡಿಯ ಹೊರತುದಿ ಜೋರಾಗಿ ಹೋಗುತ್ತದೆ, ಒಳತುದಿ ನಿಧಾನ. ಅದಕ್ಕೆ ಕಡ್ಡಿಯ ಮೂರನೇ ಒಂದು ಪಾಲು ಮಾತ್ರ ಲೆಕ್ಕಕ್ಕೆ, ಅಂದರೆ 28. ಅಚ್ಚುಮೊಳೆ 8. ನಡುವಿನ ಹಬ್ ಅಕ್ಷಕ್ಕೆ ಅಂಟಿಕೊಂಡೇ ಇರುವುದರಿಂದ ಬಿಟ್ಟುಬಿಡಬಹುದು. ಒಟ್ಟು 504. ಯಂತ್ರ ಹೇಳಿದ್ದು 511. ರಿಮ್ಮಿನ ಅಂಚುಗಳು ದಾರ ಕೂರುವ ಜಾಗಕ್ಕಿಂತ ತುಸು ಹೊರಗೆ ಇವೆ, ಅವು ದಾರಕ್ಕಿಂತ ಚೂರು ಜೋರಾಗಿಯೇ ಹೋಗುತ್ತವೆ. ಆ 7 ಗ್ರಾಂ ಅಲ್ಲಿಂದ ಬಂದಿರಬೇಕು ಅಂತ ನನ್ನ ಅಂದಾಜು.

ಇಷ್ಟಕ್ಕೆ ನಂಬಬಾರದು. ಬಂದ ಉತ್ತರಕ್ಕೆ ಹೊಂದುವ ಕಾರಣ ಹುಡುಕೋದು ಸುಲಭ. ಮುಂದೆ ಏನು ಬರುತ್ತದೆ ಅಂತ ಮೊದಲೇ ಹೇಳಿ, ಅದು ಬಂದರೆ ಮಾತು ಬೇರೆ. ಬಾಟಲಿಗಳ ಉಸುಕು ಕಡಿಮೆ ಮಾಡಿ ಒಂದೊಂದನ್ನು 300 ಗ್ರಾಮಿಗೆ ತಂದೆವು. ಭಾರ ಇಳಿದದ್ದಕ್ಕೆ ಘರ್ಷಣೆಯೂ ಇಳಿಯಿತು, ಜೋಳ 33ಕ್ಕೆ ಬಂತು. ಗಾಲಿಯನ್ನು ಬಿಟ್ಟು ಲೆಕ್ಕ ಹಾಕಿದರೆ 67 ಫ್ರೇಮ್ ಬರಬೇಕು. 511 ಗ್ರಾಂ ಸೇರಿಸಿದರೆ 89. ಎರಡೂ ಅಂಕಿಯನ್ನು ಅವಳು ಹಲಗೆಯ ಮೇಲೆ ದೊಡ್ಡದಾಗಿ ಬರೆದಳು. ಆಮೇಲೆ ಊದಿನಕಡ್ಡಿ ಹಚ್ಚಿದಳು.

89, 90, 89.

67 ಅನ್ನು ತಾನೇ ಹೋಗಿ ಒರೆಸಿದಳು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ದೊಡ್ಡ ಬಾಟಲಿಯ ಓಟದಲ್ಲಿ 40 ಗ್ರಾಮಿನ ಬಲದಲ್ಲಿ ಗಾಲಿಯನ್ನು ತಿರುಗಿಸೋದಕ್ಕೆ ಹೋಗುವ ಪಾಲು ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 12 ಗ್ರಾಂ. ಮೊದಲ ಭಾನುವಾರ ಕೊಳೆ ಗ್ರೀಸ್ ತಿಂದದ್ದೂ 12 ಗ್ರಾಮೇ. ಕೈಗೆ ಎರಡೂ ಒಂದೇ ಥರ "ಭಾರ" ಅನ್ನಿಸುತ್ತವೆ. ನನಗೂ ಚಿಕ್ಕಂದಿನಲ್ಲಿ ಹಾಗೇ ಅನ್ನಿಸಿತ್ತು, ಅದಕ್ಕೇ ಎಣ್ಣೆ ಸುರಿದದ್ದು. ಆದರೆ ಗ್ರೀಸಿನ 12 ಗ್ರಾಂ ಪ್ರತಿ ಕ್ಷಣವೂ ಕೊಡುತ್ತಲೇ ಇರಬೇಕು, ವೇಗ ಏರಲಿ ಬಿಡಲಿ. ಗಾಲಿಯ 12 ಗ್ರಾಂ ವೇಗ ಏರುವಾಗ ಮಾತ್ರ. ಒಂದು ಸಲ ವೇಗಕ್ಕೆ ಬಂದ ಮೇಲೆ ಗಾಲಿ ಏನನ್ನೂ ಕೇಳೋದಿಲ್ಲ. ಮೊದಲನೆಯದು ಘರ್ಷಣೆ, ಎರಡನೆಯದು ಜಡತ್ವ. "ಘರ್ಷಣೆ ಇಲ್ಲದ, ರಾಶಿ ಇಲ್ಲದ ರಾಟೆ" ಅಂತ ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಬಿಟ್ಟುಬಿಡಿ ಅಂತ ಮಕ್ಕಳಿಗೆ ಹೇಳೋದಕ್ಕಿಂತ, ಒಂದು ಸಲ ಎರಡನ್ನೂ ಬೇರೆ ಬೇರೆ ಅಳೆಯಲು ಬಿಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ವೈನಿಯವರ ಕಸೂತಿ ರಿಂಗ್

ಆಟ್‌ವುಡ್ ತನ್ನ ಯಂತ್ರದಲ್ಲಿ ಒಂದು ಚೆಂದದ ಉಪಾಯ ಮಾಡಿದ್ದ. ಜಾಸ್ತಿ ಇಟ್ಟ ತೂಕವನ್ನು ಉದ್ದನೆಯ ಪಟ್ಟಿಯ ರೂಪದಲ್ಲಿ ಇಡೋದು. ದಾರಿಯ ನಡುವೆ ಒಂದು ಬಳೆ. ತೂಕದ ಗುಂಡು ಬಳೆಯೊಳಗೆ ಹಾದು ಹೋಗುತ್ತದೆ, ಪಟ್ಟಿ ಬಳೆಯ ಮೇಲೆ ಸಿಕ್ಕಿ ಕೂರುತ್ತದೆ. ಅಲ್ಲಿಂದ ಮುಂದೆ ಎಳೆಯೋರು ಯಾರೂ ಇಲ್ಲ.

20 ಸೆಂಟಿಮೀಟರ್ ಉದ್ದದ ಕಬ್ಬಿಣದ ಪಟ್ಟಿಯನ್ನು ಅರ ಹಾಕಿ ತಿಕ್ಕಿ ಸರಿಯಾಗಿ 40 ಗ್ರಾಮಿಗೆ ತಂದೆ. ದಾರ ಹೋಗಲು ನಡುವಿನವರೆಗೆ ಒಂದು ಸೀಳು. ಬಳೆಗೆ ವೈನಿಯವರ ಕಸೂತಿ ಹಾಕುವ ಮರದ ರಿಂಗ್, ಒಳಗಿನ ಅಗಲ 15 ಸೆಂಟಿಮೀಟರ್. ಅದನ್ನು ಹಲಗೆಗೆ ಎಲ್ ಪಟ್ಟಿ ಹೊಡೆದು 75 ಸೆಂಟಿಮೀಟರಿನ ಗೆರೆಗೆ ಸರಿಯಾಗಿ ನಿಲ್ಲಿಸಿದೆ. ಬಾಟಲಿಗಳಿಗೆ ಮತ್ತೆ 600 ಗ್ರಾಂ ಉಸುಕು, ಮತ್ತೆ 46 ಕಾಳು. ಮೊದಲ ನಾಲ್ಕೈದು ಸಲ ಬಾಟಲಿ ಅಲುಗಾಡಿ ರಿಂಗಿಗೆ ಬಡಿದು ಹಾಳಾಯಿತು. ಅದಕ್ಕೆ ಔಷಧ ಒಂದೇ, ನೂಲು ಸುಡುವ ಮೊದಲು ಪೂರ್ತಿ ನಿಶ್ಚಲ ಆಗುವವರೆಗೆ ಕಾಯೋದು. ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿ ಕಾದೆವು.

ಐದನೇ ಭಾನುವಾರ ಸಂಜೆ ಸರಿಯಾಗಿ ಬಂತು. ಬಾಟಲಿ ಇಳಿಯುತ್ತಾ ವೇಗ ಏರಿಸಿಕೊಂಡಿತು, ರಿಂಗಿನೊಳಗೆ ನುಸುಳಿತು, ಪಟ್ಟಿ ಟಣ್ ಅಂತ ರಿಂಗಿನ ಮೇಲೆ ಕೂತಿತು. ಬಾಟಲಿ ನಿಲ್ಲಲಿಲ್ಲ, ನಿಧಾನವೂ ಆಗಲಿಲ್ಲ. ಸೀದಾ ಕಾಗದದ ಚೀಲಕ್ಕೆ ಹೋಗಿ ಕೂತಿತು. ರಿಂಗಿನ ತನಕ 78 ಫ್ರೇಮ್. ಅಲ್ಲಿಂದ ಕೆಳಗೆ ಪ್ರತಿ 25 ಸೆಂಟಿಮೀಟರಿಗೆ 13, 13, 13.

ಅವಳು ವಿಡಿಯೊವನ್ನು ಎಷ್ಟೋ ಹೊತ್ತು ಹಿಂದೆ ಮುಂದೆ ಸರಿಸುತ್ತಾ ನೋಡಿದಳು. ಆಮೇಲೆ ಪಾನಾ ಕೇಳಿದಳು.

"ಯಾಕವ್ವಾ?"

"ಕೋನ್ ಬಿಗೀತೀನಿ. ಮೊದ್ಲ ಇದ್ದಂಗ."

ಸ್ಟೂಲ್ ಮೇಲೆ ಸ್ಟೂಲ್ ಇಟ್ಟು ನಾನು ಹಿಡಿದುಕೊಂಡೆ, ಅವಳು ಹತ್ತಿ ಕೋನ್ ಬಿಗಿದಳು. ಜೋಳ ತೆಗೆದಳು. ಉಳಿದದ್ದೆಲ್ಲ ಹಾಗೇ. ಮತ್ತೆ ನೂಲು ಕಟ್ಟಿ, ಕಾದು, ಊದಿನಕಡ್ಡಿ ತಾಗಿಸಿದಳು. ಪಟ್ಟಿ ರಿಂಗಿನ ಮೇಲೆ ಕೂತಿತು. ಬಾಟಲಿ ಮುಂದೆ ಹೋಯಿತು, ಆದರೆ ಈ ಸಲ ಕಣ್ಣಿಗೇ ಕಾಣುವ ಹಾಗೆ ಸೋತುಕೊಂಡು ಹೋಯಿತು. ಎಣಿಸಿದಳು: 16, 18, 20.

ಹಲಗೆಯ ಮೇಲೆ ಎರಡು ಸಾಲು ಬರೆದಳು. ಮೇಲೆ 13, 13, 13, ಅದರ ಮುಂದೆ "ಪುಸ್ತಕ". ಕೆಳಗೆ 16, 18, 20, ಅದರ ಮುಂದೆ "ಚೆಂಡು". ಆಮೇಲೆ ಮತ್ತೆ ಸ್ಟೂಲ್ ಹತ್ತಿ ಕೋನ್ ಸಡಿಲ ಮಾಡತೊಡಗಿದಳು.